ಮಳೆಯ ಮೇಲೆ ಗೂಬೆ ಕೂರಿಸಬೇಡಿ

ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿತು ಅಂದುಕೊಳ್ಳಿ. ಬೆಳಗ್ಗೆ ಹತ್ತಕ್ಕೆ ಮ್ಯಾನೇಜರು ಕೇಳುವ ಮೊದಲ ಮಾತು, "ಆರ್‌ಸಿಎ ಎಲ್ಲಿ?" ರೂಟ್ ಕಾಸ್ ಅನಾಲಿಸಿಸ್. ಏನು ಕೆಟ್ಟಿತು, ಯಾವಾಗ ಕೆಟ್ಟಿತು, ಯಾಕೆ ಕೆಟ್ಟಿತು, ಲಾಗ್‌ನಲ್ಲಿ ಸಾಕ್ಷಿ ಏನಿದೆ. "ಬಹುಶಃ ಕರೆಂಟು ಸರಿಯಿರಲಿಲ್ಲವೇನೋ" ಅಂತ ಒಂದು ಸಾಲು ಬರೆದು ಕಳಿಸಿದರೆ ಆ ವರ್ಷದ ಅಪ್ರೈಸಲ್ ಅಲ್ಲಿಗೆ ಮುಗೀತು. ನಾವೆಲ್ಲ ಇಂಥ ಶಿಸ್ತಿನಲ್ಲಿ ಬದುಕುವ ಜನ. ಡೇಟಾ ಇಲ್ಲದೆ ಒಂದು ಬಟನ್ನಿನ ಬಣ್ಣ ಬದಲಿಸುವುದಿಲ್ಲ.

ಅದೇ ನಮ್ಮೂರಿನ ಪಕ್ಕದಲ್ಲಿ ಇಡೀ ಒಂದು ನದಿ ಮಲಗಿಬಿಟ್ಟಿತು. ಅರ್ಕಾವತಿ. ಯಾಕೆ ಅಂತ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ. ಇಬ್ಬರಿಗೆ ಅಂಥದೊಂದು ನದಿ ಇತ್ತು ಅನ್ನೋದೇ ಗೊತ್ತಿರಲಿಲ್ಲ. ಒಬ್ಬ ಅದು ಲೇಔಟಿನ ಹೆಸರು ಅಂದ. ಮಿಕ್ಕವರೆಲ್ಲ ಒಂದೇ ಉತ್ತರ ಕೊಟ್ಟರು: "ಮಳೆ ಕಡಿಮೆ ಆಗಿದೆಯಲ್ಲ, ಕ್ಲೈಮೇಟ್ ಚೇಂಜು."

ಈ ಉತ್ತರ ತಪ್ಪು. ಇದು ನನ್ನ ಅಭಿಪ್ರಾಯ ಅಲ್ಲ. ಈ ನದಿಗೆ ಆರ್‌ಸಿಎ ಆಗಿದೆ. 2015ರಲ್ಲಿ ಪ್ರಕಟವೂ ಆಗಿದೆ. ಓದೋಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೂ ಆಡಳಿತದವರು, ನದಿ ಉಳಿಸಲು ಹೊರಟವರು, ನಾವು ನೀವು ಎಲ್ಲರೂ ಅದು ಇಲ್ಲವೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದೇವೆ. ನನ್ನ ಸಿಟ್ಟು ಇರುವುದು ಅದಕ್ಕೆ.

ಮೊದಲು ನದಿಯ ಪರಿಚಯ. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಒಂದಲ್ಲ ಒಂದು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಂದಿ ಬೆಟ್ಟಕ್ಕೆ ಗಾಡಿ ಓಡಿಸಿರುತ್ತೀರಿ. ಮೋಡದ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಅರ್ಕಾವತಿ ಹುಟ್ಟುವುದು ಅಲ್ಲೇ. ದೊಡ್ಡಬಳ್ಳಾಪುರದ ಕೆರೆಗಳ ಸಾಲು ದಾಟಿ ಹೆಸರಘಟ್ಟಕ್ಕೆ ಬಂದು, ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರದ ಮೇಲೆ ಹಾದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ನಲ್ಲಿ ನೀರು ಅಂತ ಮೊದಲು ಬಂದದ್ದು ಈ ನದಿಯದು. 1894ರಲ್ಲಿ ಹೆಸರಘಟ್ಟದಿಂದ. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಅಂದರೆ ಎಂಬತ್ತು ವರ್ಷ ಈ ಊರು ಕುಡಿದದ್ದು ಅರ್ಕಾವತಿಯನ್ನು. ನಮ್ಮ ತಾತಂದಿರ ಕಾಲದ ಬೆಂಗಳೂರಿನ ಕಾಫಿ, ಸಾರು, ಅನ್ನ ಎಲ್ಲ ಈ ನೀರಿನದೇ.

ಆಮೇಲೆ ಹೆಸರಘಟ್ಟಕ್ಕೆ ಬರುವ ನೀರು ನಿಂತಿತು. ತಿಪ್ಪಗೊಂಡನಹಳ್ಳಿಗೆ ಬರುವುದು ವರ್ಷದಿಂದ ವರ್ಷಕ್ಕೆ ಇಳಿಯಿತು. ಬಂದಷ್ಟೂ ಕೊಳಕಾಗಿತ್ತು. 2010ರ ದಶಕದ ಆರಂಭದ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರು ಕೊಡುವುದನ್ನೇ ಬಿಟ್ಟರು. ಕಾವೇರಿ ಇತ್ತಲ್ಲ, ಯಾರೂ ಅಳಲಿಲ್ಲ.

ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಅವರ ಸಹ ಸಂಶೋಧಕರು ಕೇಳಿದ್ದು ಬಹಳ ಸರಳ ಪ್ರಶ್ನೆ: ಅರ್ಕಾವತಿ ಯಾಕೆ ಬತ್ತುತ್ತಿದೆ? ಪ್ರಬಂಧದ ತಲೆಬರಹವೂ ಅದೇ. ಅವರು ಹಿಡಿದ ದಾರಿ ಒಬ್ಬ ಭೂವಿಜ್ಞಾನಿ ಹಾಕಿಕೊಟ್ಟದ್ದು. ಅಮೆರಿಕದ ಟಿ.ಸಿ. ಚೇಂಬರ್ಲಿನ್ ಎಂಬಾತ 1890ರಲ್ಲೇ ಹೇಳಿದ್ದ: ಒಂದೇ ಊಹೆ ಇಟ್ಟುಕೊಂಡು ಹೊರಟರೆ ಹೆತ್ತ ಮಗುವಿನ ಮೇಲಿನ ಮೋಹ ಅದರ ಮೇಲೆ ಬಂದುಬಿಡುತ್ತದೆ, ಅದಕ್ಕೇ ಆಗಬಹುದಾದ ಎಲ್ಲ ಕಾರಣಗಳನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿ ಅಂತ. ಪೊಲೀಸ್ ಠಾಣೆಯಲ್ಲಿ ಆರೋಪಿಗಳನ್ನು ಸಾಲಾಗಿ ನಿಲ್ಲಿಸುತ್ತಾರಲ್ಲ, ಹಾಗೆ. ಅರ್ಕಾವತಿಯ ವಿಷಯದಲ್ಲಿ ಸಾಲಿನಲ್ಲಿ ನಿಂತವರು ಐವರು. ಮಳೆ ಕಡಿಮೆಯಾದದ್ದು, ಬಿಸಿಲು ಹೆಚ್ಚಾದದ್ದು, ಬೋರ್‌ವೆಲ್, ನೀಲಗಿರಿ ತೋಪು, ಮತ್ತು ಹಳ್ಳಗಳಿಗೆ ಅಡ್ಡ ಕಟ್ಟಿದ ಚೆಕ್ ಡ್ಯಾಂನಂಥ ಅಡೆತಡೆಗಳು.

ಮಳೆ ನಿರಪರಾಧಿ. ದಶಕಗಳ ದಾಖಲೆ ಹರವಿಕೊಂಡು ನೋಡಿದರೆ ಒಂದು ವರ್ಷ ಜಾಸ್ತಿ ಒಂದು ವರ್ಷ ಕಡಿಮೆ ಇದ್ದದ್ದು ನಿಜ, ಆದರೆ ನದಿಯನ್ನು ಕೊಲ್ಲುವಂಥ ಇಳಿಕೆ ಅಲ್ಲಿ ಇಲ್ಲ. ಬಿಸಿಲಿನ ಏರಿಕೆಯೂ ಇಷ್ಟು ದೊಡ್ಡ ನಷ್ಟಕ್ಕೆ ಸಾಲದು. ಮಿಕ್ಕ ಮೂವರೂ ಮನುಷ್ಯ ಮಾಡಿದವೇ. ಬೋರ್‌ವೆಲ್ಲಿನ ಎಳೆತ ಮತ್ತು ನೀಲಗಿರಿ ಮುಖ್ಯ ಕಾರಣಗಳು, ಅಡೆತಡೆಗಳದ್ದು ಅದಕ್ಕಿಂತ ಕಡಿಮೆ ಪಾತ್ರ ಅನ್ನುವುದು ಅವರ ತೀರ್ಮಾನ.

ಆ ತಲೆಬರಹದಲ್ಲಿ ಇನ್ನೊಂದು ಮಾತಿದೆ. ಇದು ದತ್ತಾಂಶದ ಅಭಾವ ಇರುವ ಪ್ರದೇಶ ಅಂತ. ಅರ್ಥವಾಯಿತೇ? ಲೋಕಕ್ಕೆಲ್ಲ ಡೇಟಾ ಸಂಸ್ಕರಿಸಿ ಕೊಡುವ ಊರಿನಿಂದ ಒಂದು ಗಂಟೆ ದೂರದ ನದಿಯ ಬಗ್ಗೆ ವಿಜ್ಞಾನಿಗಳು ಡೇಟಾ ಇಲ್ಲ ಅಂತ ಬರೆದುಕೊಳ್ಳಬೇಕಾಯಿತು.

ಇನ್ನು ಬೋರ್‌ವೆಲ್ಲಿಗೂ ನದಿಗೂ ಏನು ಸಂಬಂಧ ಅನ್ನುವುದಕ್ಕೆ ಬರೋಣ. ನಮ್ಮಲ್ಲಿ ಬಹಳಷ್ಟು ಜನ ಜಾರುವುದು ಇಲ್ಲೇ. ನದಿ ಅಂದರೆ ಮಳೆ ಬಿದ್ದಾಗ ನೆಲದ ಮೇಲೆ ಹರಿದು ಹೋಗುವ ನೀರು, ಬೋರು ಅಂದರೆ ಎಲ್ಲೋ ಪಾತಾಳದಲ್ಲಿ ಇರುವ ಬೇರೆ ನೀರು ಅಂತ ನಮ್ಮ ತಲೆಯಲ್ಲಿ ಕೂತಿದೆ.

ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ಲ? ಕೆಂಪೇಗೌಡರ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಬೆಂಗಳೂರು, ದೊಡ್ಡಬಳ್ಳಾಪುರ, ಕೋಲಾರ, ರಾಮನಗರದ ಸೀಮೆ ಬಹುಮಟ್ಟಿಗೆ ಕೂತಿರುವುದು ಅಂಥ ನೈಸ್ ಮತ್ತು ಗ್ರಾನೈಟಿನ ಮೇಲೆ. ಈ ಕಲ್ಲು ಸ್ಪಂಜಿನ ಹಾಗೆ ನೀರು ಹೀರುವುದಿಲ್ಲ. ಗಂಗಾ ಬಯಲಿನ ಮರಳು ಮಣ್ಣಿನ ಹಾಗೆ ನೂರಾರು ಅಡಿ ಆಳಕ್ಕೂ ನೀರು ತುಂಬಿಕೊಂಡಿರುವ ನೆಲ ನಮ್ಮದಲ್ಲ. ಇಲ್ಲಿ ನೀರು ನಿಲ್ಲುವುದು ಮುಖ್ಯವಾಗಿ ಎರಡು ಕಡೆ. ಮೇಲಿನ ಕೆಲವು ಹತ್ತು ಅಡಿ, ಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕಿ ಕೊಳೆತು ಮೆತ್ತಗಾಗಿರುವ ಶಿಥಿಲ ಪದರ. ಅದೇ ನಮ್ಮ ನಿಜವಾದ ಟ್ಯಾಂಕು. ಅದರ ಕೆಳಗೆ ಗಟ್ಟಿ ಬಂಡೆಯಲ್ಲಿ ಅಲ್ಲಲ್ಲಿ ಬಿಟ್ಟಿರುವ ಬಿರುಕುಗಳು. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಸಪೂರ. ಸಾವಿರ ಅಡಿಯಲ್ಲಿ ನೀರು ಸಿಕ್ಕರೆ ಅದು ಅದೃಷ್ಟ, ಆಸ್ತಿ ಅಲ್ಲ.

ಹಿಂದೆ ಆಗುತ್ತಿದ್ದದ್ದು ಇಷ್ಟು. ಮಳೆ ಬೀಳುತ್ತಿತ್ತು, ಶಿಥಿಲ ಪದರ ತುಂಬುತ್ತಿತ್ತು, ತುಂಬಿ ಹೆಚ್ಚಾದದ್ದು ತಗ್ಗಿನಲ್ಲಿ ಹಳ್ಳದ ಪಕ್ಕದಲ್ಲಿ ಒರತೆಯಾಗಿ ಹೊರಬರುತ್ತಿತ್ತು. ಮಳೆ ನಿಂತು ಎರಡು ಮೂರು ತಿಂಗಳಾದರೂ ಹಳ್ಳದಲ್ಲಿ ಜಿನುಗು ಹರಿವು ಇರುತ್ತಿದ್ದದ್ದು ಇದರಿಂದ. ನದಿ ಅನ್ನುವುದು ನೆಲದೊಳಗಿನ ಟ್ಯಾಂಕು ಉಕ್ಕಿ ಹರಿದ ನೀರೇ ಹೊರತು ಬೇರೆ ಅಲ್ಲ. ಆ ಟ್ಯಾಂಕನ್ನು ತಳದವರೆಗೆ ಖಾಲಿ ಮಾಡಿದರೆ? ಹೊಸ ಮಳೆ ಬಿದ್ದಾಗ ಅದು ಮೊದಲು ಆ ಖಾಲಿ ಜಾಗಕ್ಕೆ ಹೋಗುತ್ತದೆ. ಉಕ್ಕುವ ಮಾತೇ ಇಲ್ಲ. ಇಎಂಐ ಕಟ್ಟುವವರಿಗೆ ಹೇಳುವುದಾದರೆ, ಸಂಬಳ ಕಡಿಮೆಯಾಗಿಲ್ಲ. ಮೊದಲಿನಷ್ಟೇ ಬರುತ್ತಿದೆ. ಒಂದನೇ ತಾರೀಕೇ ಹತ್ತು ಕಡೆ ಆಟೋ ಡೆಬಿಟ್ ಆಗುತ್ತಿದೆ. ಹದಿನೈದಕ್ಕೆ ಅಕೌಂಟ್ ಖಾಲಿ ಇದ್ದರೆ "ಕಂಪನಿ ಸಂಬಳ ಸರಿಯಾಗಿ ಕೊಡ್ತಿಲ್ಲ" ಅಂತ ಅಪ್ಪನ ಮುಂದೆ ಅನ್ನುತ್ತೀರಾ?

ನನ್ನ ಅಮ್ಮನ ತವರು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ತಾತನ ಕಾಲದ ಕಪಿಲೆ ಬಾವಿ ಇನ್ನೂ ಇದೆ, ನಲವತ್ತು ಅಡಿ. ಈಗ ಅದರಲ್ಲಿ ಹಳೇ ಪೈಪು, ಮುರಿದ ಪ್ಲಾಸ್ಟಿಕ್ ಕುರ್ಚಿ. ಮಾವ ಮೊದಲ ಬೋರು ಹಾಕಿಸಿದ್ದು 180 ಅಡಿ. ಎರಡನೆಯದು 450. ಮೂರನೆಯದು 800. ನಾಲ್ಕನೆಯದಕ್ಕೆ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿ ಪಾಯಿಂಟ್ ಮಾಡಿಸಿದರು. 1240 ಅಡಿಗೆ ಲಾರಿ ತುಂಬ ಬಿಳೀ ಧೂಳು ಬಂತು, ಅಷ್ಟೇ. ಅತ್ತೆಯ ಒಡವೆ ಬ್ಯಾಂಕಿನಲ್ಲಿ ಉಳಿಯಿತು.

"ಮಳೆನೇ ಇಲ್ಲ ಕಣಪ್ಪ, ಏನ್ ಮಾಡಾದು" ಅಂದರು ಮಾವ.

ನಾನು ಫೋನಿನಲ್ಲಿ ತಾಲ್ಲೂಕಿನ ಮಳೆಯ ಅಂಕಿಗಳನ್ನು ತೆಗೆದು ತೋರಿಸಿದೆ. ನೋಡಿ ಮಾವ, ನಿಮ್ಮ ಹುಡುಗತನದಲ್ಲಿ ಎಷ್ಟು ಬೀಳ್ತಿತ್ತೋ ಹೆಚ್ಚುಕಮ್ಮಿ ಈಗಲೂ ಅಷ್ಟೇ ಬೀಳ್ತಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗಾದ್ರೆ ನೀರೆಲ್ಲ ಎಲ್ಲೋಯ್ತು?"

"ಬೋರಿಗೆ ಹೋಯ್ತು ಮಾವ."

"ನನ್ ಬೋರಿಗೂ ಬರ್ಲಿಲ್ವಲ್ಲೋ!"

ನಗು ಬರುವ ಮಾತು, ಆದರೆ ಮಾವ ಹೇಳಿದ್ದರಲ್ಲಿ ಇಡೀ ಸಮಸ್ಯೆ ಇದೆ. ನೀರು ಯಾರ ಬೋರಿಗೂ ಪೂರ್ತಿ ಸಿಗಲಿಲ್ಲ, ಎಲ್ಲರ ಬೋರಿಗೂ ಹಂಚಿ ಹೋಯಿತು. ಪಕ್ಕದವನಿಗಿಂತ ಐವತ್ತು ಅಡಿ ಆಳಕ್ಕೆ ಹೋದವನಿಗೆ ಎರಡು ಬೆಳೆ, ಆಮೇಲೆ ಅವನಿಗೂ ಇಲ್ಲ. ಈ ಪೈಪೋಟಿಯಲ್ಲಿ ಗೆದ್ದವರು ರಿಗ್ ಲಾರಿಯವರು ಮಾತ್ರ.

ಇಲ್ಲಿ ಯಾರಾದರೂ "ರೈತರನ್ನೇ ಬೈತೀರಲ್ಲ" ಅಂತ ಮೈಮೇಲೆ ಬರಬಹುದು. ಬೈಯುತ್ತಿಲ್ಲ. ಆ ನೀರು ಏನಾಯಿತು ನೋಡಿ. ತರಕಾರಿ, ಹೂವು, ಬೆಂಗಳೂರು ಬ್ಲೂ ದ್ರಾಕ್ಷಿ, ರೇಷ್ಮೆಗೆ ಹಿಪ್ಪುನೇರಳೆ, ಹಸುವಿಗೆ ಮೇವು. ಬಹುಪಾಲು ಬಂದದ್ದು ನಮ್ಮ ಅಡುಗೆಮನೆಗೆ, ನಮ್ಮ ವರಮಹಾಲಕ್ಷ್ಮಿ ಹಬ್ಬಕ್ಕೆ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಕೊತ್ತಂಬರಿ ಕಟ್ಟಿಗೆ. ಅರ್ಕಾವತಿಯನ್ನು ನಾವು ಕುಡಿಯುವುದು ಬಿಟ್ಟಿಲ್ಲ, ತಿನ್ನೋಕೆ ಶುರು ಮಾಡಿದ್ದೇವೆ. ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ ಕೊಟ್ಟು, ಅಂತರ್ಜಲಕ್ಕೆ ಮೀಟರೂ ಇಲ್ಲ, ಮಿತಿಯೂ ಇಲ್ಲ ಅಂತ ಮಾಡಿದ್ದು ಸರ್ಕಾರ. ಮಾವ ಅದರೊಳಗೆ ಸಿಕ್ಕಿಕೊಂಡವರು.

ಬೋರು ಸೋತ ಮೇಲೆ ಮಾವ ಏನು ಮಾಡಿದರು? ಮಕ್ಕಳು ಬೆಂಗಳೂರು ಸೇರಿದರು, ಕೂಲಿಗೆ ಜನ ಸಿಗಲ್ಲ. ಎರಡು ಎಕರೆಗೆ ನೀಲಗಿರಿ ಹಾಕಿ ಕೈತೊಳೆದುಕೊಂಡರು. ಆ ಸೀಮೆಯ ಅರ್ಧ ತೋಪುಗಳ ಕಥೆ ಇದೇ. ಇನ್ನರ್ಧ ತೋಪುಗಳ ಮಾಲೀಕರು ಬೆಂಗಳೂರಿನಲ್ಲೇ ಇದ್ದಾರೆ. ಇನ್ವೆಸ್ಟ್‌ಮೆಂಟ್‌ಗೆ ಜಮೀನು ಕೊಂಡು, ಬೇಲಿ ಹಾಕಿ, ನೋಡಿಕೊಳ್ಳುವ ಗೋಜು ಬೇಡ ಅಂತ ನೀಲಗಿರಿ ನೆಟ್ಟವರು.

ನೀಲಗಿರಿ ಈ ಸೀಮೆಗೆ ಹೊಸದಲ್ಲ. ಆಸ್ಟ್ರೇಲಿಯಾದಿಂದ ಬೀಜ ತರಿಸಿ 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ಹಾಕಿಸಿದವನು ಟಿಪ್ಪು ಸುಲ್ತಾನ್ ಅನ್ನುತ್ತಾರೆ. ತೋಟದಲ್ಲಿ ನಾಲ್ಕು ಮರ ಇದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಇದನ್ನು ಹೊಲ ಹೊಲಕ್ಕೆ ಹಂಚಿದರು. ಆಗಲೇ ಇದು ನೀರು ಕುಡಿಯುತ್ತದೆ ಅಂತ ರೈತ ಸಂಘದವರು ಸಸಿ ಕಿತ್ತು ಪ್ರತಿಭಟನೆ ಮಾಡಿದರು. ವಿಜ್ಞಾನ ಗೊತ್ತಿಲ್ಲದವರು ಅಂತ ಅವರಿಗೆ ಬೈಗುಳ ಬಿತ್ತು. ಸರಿ, ವಿಜ್ಞಾನವನ್ನೇ ಕೇಳೋಣ. ಬ್ರಿಟನ್ನಿನ ಇಯಾನ್ ಕಾಲ್ಡರ್ ಮತ್ತು ಇಲ್ಲಿನ ವಿಜ್ಞಾನಿಗಳು ಸೇರಿ ನಮ್ಮ ಹೊಸಕೋಟೆಯಲ್ಲೇ ಅಳತೆ ಮಾಡಿ 1997ರಲ್ಲಿ ಪ್ರಕಟಿಸಿದರು: ಆಳವಾದ ಮಣ್ಣಿರುವ ಕಡೆ ನೀಲಗಿರಿ ತೋಪು ಬೀಳುವ ಮಳೆಗಿಂತ ಜಾಸ್ತಿ ನೀರು ಬಳಸುತ್ತದೆ. ಬೇರು ಕೆಳಗಿಳಿದು ಹಳೆಯ ವರ್ಷಗಳ ಉಳಿತಾಯವನ್ನೂ ಎಳೆಯುತ್ತದೆ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ವಿಧಾನಸೌಧದಿಂದ ಹೊಸಕೋಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್. ಆ ಪ್ರಬಂಧಕ್ಕೆ ಅಷ್ಟು ದೂರ ಬರೋಕೆ ಇಪ್ಪತ್ತು ವರ್ಷ ಹಿಡಿಯಿತು. ಟ್ರಾಫಿಕ್ ಇರಬೇಕು.

ಈಗ ನಾವು ಮಾಡುತ್ತಿರುವುದೇನು ಅಂತ ನೋಡಿ. ನದಿ ಉಳಿಸಿ ಅಂತ ಮಿಸ್ಡ್ ಕಾಲ್ ಕೊಟ್ಟಿದ್ದೇವೆ. ಗಿಡ ನೆಡಿ ಅಂತ ಟೀಶರ್ಟ್ ಹಾಕಿಕೊಂಡು ಶನಿವಾರ ಹೋಗಿದ್ದೇವೆ. ಗಿಡ ನೆಡುವುದು ಒಳ್ಳೇದೇ, ನೆರಳಿಗೆ, ಹಕ್ಕಿಗೆ, ಮಣ್ಣಿಗೆ. ಆದರೆ ಮರವೂ ನೀರು ಕುಡಿಯುತ್ತದೆ ಸ್ವಾಮಿ. ಯಾವ ಮರ, ಯಾವ ನೆಲ, ಕೆಳಗೆ ನೀರು ಎಷ್ಟು ಆಳದಲ್ಲಿದೆ ಅಂತ ಕೇಳದೆ "ಮರ ಇದ್ದರೆ ನದಿ" ಅನ್ನುವುದು ಘೋಷಣೆ ಮಾತ್ರ. ಅರ್ಕಾವತಿ ಕೇಸಿನಲ್ಲಂತೂ ಮರವೇ ಆರೋಪಿಗಳ ಸಾಲಿನಲ್ಲಿ ನಿಂತಿದೆ. ಚೆಕ್ ಡ್ಯಾಂ ಕಟ್ಟುತ್ತೇವೆ. ಟ್ಯಾಂಕು ತಳ ಕಂಡಿರುವಾಗ ಚೆಕ್ ಡ್ಯಾಂ ಮಾಡುವುದು ಕೆಳಗಿನ ಊರಿನ ಕೆರೆಗೆ ಹೋಗಬೇಕಾದ ನೀರನ್ನು ಮೇಲಿನ ಊರಿನ ಬೋರಿಗೆ ವರ್ಗಾಯಿಸುವ ಕೆಲಸ. ಹೂಳೆತ್ತುತ್ತೇವೆ, ಒತ್ತುವರಿ ತೆರವು ಮಾಡುತ್ತೇವೆ, ಏರಿಯ ಮೇಲೆ ವಾಕಿಂಗ್ ಟ್ರ್ಯಾಕ್ ಹಾಕುತ್ತೇವೆ. ಎಲ್ಲ ಆದ ಮೇಲೆ ಕೆರೆ ಖಾಲಿ. ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಈ ಜಲಾನಯನದ ಕೆರೆಗಳನ್ನೆಲ್ಲ ನೋಡಿದ ಇನ್ನೊಂದು ಅಧ್ಯಯನ 2018ರಲ್ಲಿ ಬಂತು. ಉತ್ತರದ ಹಳ್ಳಿಗಾಡಿನ ಕೆರೆಗಳು ಒಣಗುತ್ತಿವೆ, ನಗರದ ಮಗ್ಗುಲಿನವು ತುಂಬುತ್ತಿವೆ ಅನ್ನುವುದು ಅದರ ಸಾರ. ನಗರದ ಕೆರೆ ಯಾವ ನೀರಿನಿಂದ ತುಂಬುತ್ತದೆ ಅಂತ ಬಿಡಿಸಿ ಹೇಳಬೇಕಾ? ನಮ್ಮ ಬಚ್ಚಲಿನದು.

ಇವೆಲ್ಲ ಚಿಲ್ಲರೆ ಬಾಬ್ತು. ದೊಡ್ಡ ದುಡ್ಡು ಇರುವುದು ಪೈಪಿನಲ್ಲಿ.

ಎತ್ತಿನಹೊಳೆ ಯೋಜನೆ ತೊಗೊಳ್ಳಿ. ಸಕಲೇಶಪುರದ ಕಡೆಯ ಪಶ್ಚಿಮ ಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ತರುವುದು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೂ ಅದರಲ್ಲಿ ಪಾಲು. 2014ರಲ್ಲಿ 12,912 ಕೋಟಿ ರೂಪಾಯಿ ಅಂದಿದ್ದು ಈಗ 23 ಸಾವಿರ ಕೋಟಿ ದಾಟಿದೆ. ಅಲ್ಲಿ ಸಿಗುವುದು ಹೆಚ್ಚೆಂದರೆ 9.55 ಟಿಎಂಸಿ ಅಂತ ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಕೊಟ್ಟಿತ್ತು. ಆ ಲೆಕ್ಕವನ್ನು ಒಪ್ಪದಿದ್ದರೆ ಒಪ್ಪಬೇಡಿ, ನಿಮ್ಮ ಲೆಕ್ಕ ಬಿಚ್ಚಿಡಿ, ಎದುರಾಬದುರು ಕೂತು ವಾದ ಮಾಡೋಣ. ಅದು ಆಗಲಿಲ್ಲ. ಪೈಪು ಮಾತ್ರ ಮುಂದೆ ಹೋಯಿತು. ಘಟ್ಟದ ನೀರು ತಂದು ತಿಪ್ಪಗೊಂಡನಹಳ್ಳಿಗೆ ಸುರಿದರೂ ಅದರ ಮೇಲ್ಭಾಗದಲ್ಲಿ ಬೋರು ಎಳೆಯುವುದು ನಿಲ್ಲುತ್ತದೆಯೇ? ಬಕೆಟ್ಟಿನ ತೂತು ಹಾಗೇ ಇದೆ, ನಲ್ಲಿ ಮಾತ್ರ ದೊಡ್ಡದು ಮಾಡಿದ್ದೇವೆ.

ಮೇಕೆದಾಟು ಇನ್ನೂ ಸೊಗಸು. ಅರ್ಕಾವತಿ ಕಾವೇರಿ ಸೇರುವ ಸಂಗಮದಿಂದ ಸ್ವಲ್ಪ ಕೆಳಗೆ ಸುಮಾರು 67 ಟಿಎಂಸಿಯ ಅಣೆಕಟ್ಟು. ಬೆಂಗಳೂರಿಗೆ ಕುಡಿಯಲು 4.75 ಟಿಎಂಸಿ. ಅದಕ್ಕೆ ಮುಳುಗುವುದು ಸುಮಾರು 5 ಸಾವಿರ ಹೆಕ್ಟೇರ್, ಬಹುಪಾಲು ಕಾವೇರಿ ವನ್ಯಜೀವಿಧಾಮ ಮತ್ತು ಸುತ್ತಲ ಕಾಡು. ಆನೆಗಳ ದಾರಿ. ನದಿಯಂಚಿನ ಮತ್ತಿಮರದ ಮೇಲೆ ಬದುಕುವ ಬೂದುಬಣ್ಣದ ದೊಡ್ಡ ಅಳಿಲು. ಕಾವೇರಿ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಶೀರ್ ಮೀನು. ಅಂದರೆ ಒಂದು ನದಿಯನ್ನು ನೆತ್ತಿಯ ಕಡೆಯಿಂದ ಒಣಗಿಸಿ, ಅದೇ ನದಿಯ ಕಾಲ ಬಳಿ ಕಾಡು ಮುಳುಗಿಸಿ ನೀರು ಹುಡುಕುತ್ತಿದ್ದೇವೆ. ನಾನು ತಮಿಳುನಾಡಿನ ಪರ ಮಾತಾಡುತ್ತಿದ್ದೇನೆ ಅಂತ ಯಾರೂ ಕಾಮೆಂಟು ಹಾಕಬೇಡಿ. ಅವರ ವಾದ ಬೇರೆ, ನನ್ನ ತಕರಾರು ಬೇರೆ.

ತಮಿಳುನಾಡಿನ ಹೆಸರು ಬಂದ ಮೇಲೆ ಒಂದು ವಿಷಯ ಹೇಳಲೇಬೇಕು. ಕಾವೇರಿ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರ ಫೆಬ್ರವರಿ 16ರಂದು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ಸಿಕ್ಕಿತು, ಪಟಾಕಿ ಹೊಡೆದೆವು. ಅದರಲ್ಲಿ 10 ಟಿಎಂಸಿ ಯಾವ ಲೆಕ್ಕದಲ್ಲಿ ಬಂತು ಗೊತ್ತೇ? ತಮಿಳುನಾಡಿನ ನದೀಮುಖಜ ಪ್ರದೇಶದಲ್ಲಿ ಅಂತರ್ಜಲ ಇದೆಯಲ್ಲ, ಅದನ್ನೂ ಅವರ ಪಾಲಿನಲ್ಲಿ ಎಣಿಸಿ ಅನ್ನುವ ಲೆಕ್ಕದಲ್ಲಿ. ಹಾಗೆ ವಾದ ಮಾಡಿದವರು ನಾವೇ. ನೆಲದ ಮೇಲಿನದೂ ಕೆಳಗಿನದೂ ಒಂದೇ ನೀರು ಅಂತ ದೆಹಲಿಯಲ್ಲಿ ವಾದಿಸಿ ಗೆದ್ದು ಬಂದ ರಾಜ್ಯ, ದೊಡ್ಡಬಳ್ಳಾಪುರಕ್ಕೆ ಬಂದ ಕೂಡಲೇ ಎರಡೂ ಬೇರೆ ಬೇರೆ ಅನ್ನುತ್ತದೆ. ಅಲ್ಲಿ ಗೆದ್ದ ಬಾಕಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನದು. ನಗರದ ಅಗತ್ಯದ ಅರ್ಧವನ್ನು ಅಂತರ್ಜಲವೇ ಪೂರೈಸುತ್ತದೆ ಅಂತ ನ್ಯಾಯಮಂಡಳಿ ಹಿಂದೆ ಎಣಿಸಿತ್ತು, ಕೋರ್ಟು ಅದನ್ನು ಒಪ್ಪಲಿಲ್ಲ. ಇಲ್ಲಿನ ಅಂತರ್ಜಲವನ್ನು ನಂಬುವಂತಿಲ್ಲ ಅಂತ ನಾವೇ ಕೋರ್ಟಿಗೆ ಹೇಳಿದ್ದೇವೆ, ಹೊರಗೆ ಬಂದು ರಿಗ್ ಲಾರಿಗೆ ಫೋನ್ ಮಾಡಿದ್ದೇವೆ.

ಕಾನೂನೂ ಹಾಗೇ ಇದೆ. ಹೊಳೆ ಸರ್ಕಾರದ್ದು, ಜಮೀನಿನ ಕೆಳಗಿನ ನೀರು ಜಮೀನಿನವನದ್ದು. ಬ್ರಿಟಿಷರ 1882ರ ಈಸ್‌ಮೆಂಟ್ಸ್ ಕಾಯ್ದೆಯಿಂದ ಬಂದ ತಿಳಿವಳಿಕೆ. ಆಗ ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲ, ಎತ್ತಿಗೆ ಸುಸ್ತಾದಾಗ ನೀರೂ ಉಳಿಯುತ್ತಿತ್ತು. ಸಬ್‌ಮರ್ಸಿಬಲ್‌ಗೆ ಸುಸ್ತಾಗಲ್ಲ. ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ತಂದಿದೆ. ಅಧಿಸೂಚಿತ ಪ್ರದೇಶದಲ್ಲಿ ಬೋರು ಕೊರೆಸಲು ಅನುಮತಿ ಬೇಕು. ನಿಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಬೆಳಗ್ಗೆ ಐದಕ್ಕೆ ಮುಗಿದ ಬೋರಿಗೆ ಅನುಮತಿ ಇತ್ತೋ ಇಲ್ಲವೋ ಯಾರಾದರೂ ಕೇಳಿದ್ದಾರೆಯೇ?

2024ರ ಮಾರ್ಚ್ ನೆನಪಿದೆಯಲ್ಲ. ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಏಳು ಸಾವಿರದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ತಮ್ಮ ಮನೆಯ ಬೋರೂ ಒಣಗಿದೆ ಅಂದರು ಉಪಮುಖ್ಯಮಂತ್ರಿ. ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತು. ಆ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಜಲತಜ್ಞರು. ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಗುಂಪು ಮತ್ತೆ ಪಾರ್ಕಿಂಗ್ ಜಗಳಕ್ಕೆ ಮರಳಿತು. ಆ ನೀರು ನೂರು ಕಿಲೋಮೀಟರ್ ದೂರದಿಂದ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹಗಲೂ ರಾತ್ರಿ ಪಂಪಾಗಿ ಬರುತ್ತದೆ. ಐದು ಹಂತ ಮುಗಿಯಿತು. ಆರನೆಯದಕ್ಕೆ ಯಾವ ನದಿ?

"2022ರಲ್ಲಿ ಮಳೆ ಬಂದಾಗ ಎಲ್ಲ ಕೆರೆ ತುಂಬಿ ಹರೀತಲ್ಲ, ಆಗ ಏನಾಯ್ತು ನಿಮ್ಮ ವಾದ?" ಅನ್ನುವವರು ಇದ್ದಾರೆ. ಅದು ಬೆಂಗಳೂರಿನ ದಾಖಲೆ ಮಳೆಯ ವರ್ಷ. ಅಷ್ಟು ಸುರಿದರೆ ಟಾರಿನ ಮೇಲೂ ನದಿ ಹರಿಯುತ್ತದೆ, ಹೊರ ವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರಿಗೆ ಗೊತ್ತು. ಎರಡು ವರ್ಷ ತಡೆಯಲಿಲ್ಲ, ಅದೇ ಊರು ಟ್ಯಾಂಕರಿಗೆ ಕ್ಯೂ ನಿಂತಿತು. ಹವಾಮಾನ ಬದಲಾವಣೆ ಸುಳ್ಳು ಅಂತಲೂ ನಾನು ಹೇಳುತ್ತಿಲ್ಲ. ಅದು ನಿಜ, ಮುಂದೆ ಇನ್ನೂ ಕಾಡುತ್ತದೆ. ಆದರೆ ಈ ಕೊಲೆ ಅದು ಮಾಡಿದ್ದಲ್ಲ. ಅದರ ಮೇಲೆ ಹೊರಿಸುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ: ಆರೋಪಿ ಆಕಾಶದಲ್ಲಿದ್ದರೆ ಕೆಳಗಿರುವ ಯಾರನ್ನೂ ಹಿಡಿಯಬೇಕಾಗಿಲ್ಲ. ಪುಕ್ಕಟೆ ಕರೆಂಟಿನ ಬಗ್ಗೆ ಮಾತಾಡಬೇಕಿಲ್ಲ. ತಿಪ್ಪಗೊಂಡನಹಳ್ಳಿ ಜಲಾನಯನದ ರಕ್ಷಣೆಗೆ 2003ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು 2019ರಲ್ಲಿ ಯಾಕೆ ಸಡಿಲ ಮಾಡಿದಿರಿ ಅಂತ ಕೇಳಬೇಕಿಲ್ಲ. ವೀಕೆಂಡಿಗೆ ಅಂತ ನಂದಿಯ ಬುಡದಲ್ಲಿ ನಾವು ಬುಕ್ ಮಾಡಿದ ವಿಲ್ಲಾಕ್ಕೆ ನೀರು ಎಲ್ಲಿಂದ ಅನ್ನುವ ಪ್ರಶ್ನೆಯೂ ಇಲ್ಲ.

ನಾನು ಕೇಳುತ್ತಿರುವುದು ದೊಡ್ಡ ಕ್ರಾಂತಿ ಏನಲ್ಲ. ನದಿಗೆ ಅಂತ ಖರ್ಚು ಮಾಡುವ ಪ್ರತಿ ನೂರು ಕೋಟಿಯಲ್ಲಿ ಒಂದು ಕೋಟಿಯನ್ನು ಅಳೆಯುವುದಕ್ಕೆ ಇಡಿ. ಅರ್ಕಾವತಿಯ ಪ್ರತಿ ಹಳ್ಳಕ್ಕೆ ಒಂದು ಹರಿವು ಮಾಪಕ, ಪ್ರತಿ ಪಂಚಾಯಿತಿಗೆ ಒಂದು ವೀಕ್ಷಣಾ ಬಾವಿ, ಅದರ ಅಂಕಿ ತಿಂಗಳು ತಿಂಗಳು ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ. ಮಾವನಿಗೆ ನಾಲ್ಕನೇ ಬೋರಿಗೆ ಮೊದಲು ಆ ಗೋಡೆಯ ಮೇಲಿನ ಅಂಕಿ ಕಂಡಿದ್ದರೆ ಅತ್ತೆಯ ಒಡವೆ ಮನೆಯಲ್ಲಿರುತ್ತಿತ್ತೋ ಏನೋ. ಸರ್ಕಾರಿ ಜಾಗದಲ್ಲಿ ಇರುವ ನೀಲಗಿರಿಯನ್ನು ಬುಡಸಮೇತ ತೆಗೆಯಿರಿ, ಯಾಕೆಂದರೆ ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ. ಕಡಿಮೆ ನೀರಿನ ರಾಗಿ, ಅವರೆ, ತೊಗರಿ ಬೆಳೆದವನಿಗೆ ದ್ರಾಕ್ಷಿ ಬೆಳೆದವನಷ್ಟಲ್ಲದಿದ್ದರೂ ಬದುಕುವಷ್ಟು ಬೆಲೆ ಕೊಡಿ. ಅದನ್ನು ಕೊಡಬೇಕಾದವರು ನಾವು.

ಮುಂದಿನ ಬಾರಿ ನಿಮ್ಮ ಕಂಪನಿಯ ಸಿಎಸ್‌ಆರ್ ತಂಡದವರು ನದಿ ಪುನಶ್ಚೇತನ ನಡಿಗೆ ಅಂತ ಮೇಲ್ ಕಳಿಸಿದರೆ ಹೋಗಿ. ಹೋಗಿ ಮೈಕು ಹಿಡಿದವರನ್ನು ಮೂರು ಪ್ರಶ್ನೆ ಕೇಳಿ. ಇಲ್ಲಿ ಅಂತರ್ಜಲ ಈಗ ಎಷ್ಟು ಅಡಿಯಲ್ಲಿದೆ? ಹತ್ತು ವರ್ಷದ ಹಿಂದೆ ಎಷ್ಟಿತ್ತು? ಈ ಕಾಮಗಾರಿಯಿಂದ ಅದು ಎಷ್ಟು ಮೇಲೆ ಬರುತ್ತದೆ, ಯಾರು ಅಳೆಯುತ್ತಾರೆ? ಉತ್ತರ ಸಿಗದಿದ್ದರೆ ಟೀಶರ್ಟು ಅಲ್ಲೇ ವಾಪಸ್ ಕೊಟ್ಟು ಬನ್ನಿ.